ನಾದಿನಿಯ ಅನುದಾನವೂ ನನ್ನ ನಾಜೂಕು ಎದೆಯೂ

ಆಘಾತ ಎಂಬುದು ಬಂದರೆ ಒಮ್ಮೆಲೇ ಬರಬೇಕು. ಸಿಡಿಲು ಕಂತಿನಲ್ಲಿ ಬಡಿದರೆ ಅದನ್ನು ಸಿಡಿಲು ಎಂದು ಯಾರು ಕರೆದಾರು? ಆದರೆ ನಮ್ಮ ಮನೆಯಲ್ಲಿ ಬಹಳ ವರ್ಷ ಎಲ್ಲ ಸುದ್ದಿಯೂ ಕಂತಿನಲ್ಲೇ ಬರುತ್ತಿತ್ತು. ಕಾರಣ, ನನ್ನ ಎದೆ ನಾಜೂಕು. ನನಗೆ ಯಾವ ವಿಷಯವನ್ನೂ ಫಕ್ಕನೆ ಹೇಳಬಾರದು ಎಂಬುದು ಮನೆಯ ಕಾನೂನು. ಸಿರುಗುಪ್ಪದಲ್ಲಿ ನಮ್ಮ ಸೋದರಮಾವ ತೀರಿಕೊಂಡಾಗ ನನ್ನ ಹೆಂಡತಿ ಶಾಂತಾ ಮುಂಜಾನೆ ಕಾಫಿ ಕೊಡುತ್ತ, "ನಿಮ್ಮ ಮಾವಗ ಸ್ವಲ್ಪ ನೆಗಡಿ ಅಂತ್ರಿ" ಎಂದಳು. ನಾಷ್ಟಾ ಆದ ಮೇಲೆ ನೆಗಡಿ ಎದೆಗೆ ಇಳಿಯಿತು. ಮಧ್ಯಾಹ್ನ ಊಟ ಆದ ಮೇಲೆ ಡಾಕ್ಟರು ಬಂದುಹೋದರು. ಸಂಜೆ ಚುರುಮುರಿ ತಿನ್ನುವಾಗ ಡಾಕ್ಟರು ಕೈಚೆಲ್ಲಿದರು. ಮರುದಿನ ನಾನು ಸಿರುಗುಪ್ಪದ ಬಸ್ಸಿಳಿದು ಮಾವನ ಮನೆಗೆ ಹೋದರೆ ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮುಗಿಸಿದ್ದರು. ಕೆಟ್ಟ ಸುದ್ದಿಗೆ ಮಾತ್ರ ಈ ನಿಯಮ ಅಂದುಕೊಳ್ಳಬೇಡಿ. ಸಂತೋಷದ ಆಘಾತವೂ ಆಘಾತವೇ ಎಂದು ಶಾಂತಾಳ ವಾದ. ನನ್ನ ಮಗಳು ಹುಟ್ಟಿದಾಗ ಶಾಂತಾಳ ತವರು ಕುರುಗೋಡಿನಿಂದ ಬಂದ ಸುದ್ದಿ ಹೀಗಿತ್ತು: "ಬಾಣಂತಿ ಆರಾಮ ಅದಾಳ. ಉಳಿದದ್ದು ನಿಧಾನಕ್ಕ ಹೇಳ್ತೀವಿ."

ಈ ನಾಜೂಕು ಎದೆಯ ಮೂಲ ಸಿರುಗುಪ್ಪದಲ್ಲಿದೆ. ನಾನು ಚಿಕ್ಕವನಿದ್ದಾಗ ಒಮ್ಮೆ ಜ್ವರ ಬಂತು. ಊರಿಗೆ ವಾರಕ್ಕೊಮ್ಮೆ ಆಂಧ್ರದ ಕಡೆಯಿಂದ ಒಬ್ಬ ಡಾಕ್ಟರು ಬರುತ್ತಿದ್ದರು. ಅವರು ನನ್ನ ಎಡ ಎದೆಯ ಮೇಲೆ ಕೊಳವೆ ಇಟ್ಟು ಕೇಳಿದರು. ಹುಬ್ಬು ಗಂಟಿಕ್ಕಿದರು. ಕೊಳವೆಯನ್ನು ಒಮ್ಮೆ ಕೊಡವಿದರು, ಊದಿದರು, ಮತ್ತೆ ಇಟ್ಟು ಕೇಳಿದರು. ಆಮೇಲೆ ನಮ್ಮಪ್ಪನನ್ನು ಮೂಲೆಗೆ ಕರೆದು, "ಅಯ್ಯಾ, ಗುಂಡೆ ಚಾಲಾ ವೀಕು" ಎಂದರು. ಗುಂಡೆ ಎಂದರೆ ತೆಲುಗಿನಲ್ಲಿ ಹೃದಯ, ಚಾಲಾ ಎಂದರೆ ಬಹಳ. ಉಳಿದದ್ದು ಯಾರಿಗೂ ತಿಳಿಯುತ್ತದೆ. ಅಂದಿನಿಂದ ನನ್ನ ಬಾಲ್ಯ ಕುಂತಲ್ಲಿಯೇ ಕಳೆಯಿತು. ಗೆಳೆಯರೆಲ್ಲ ತುಂಗಭದ್ರೆಯಲ್ಲಿ ದುಮುಕಿ ಈಜುವಾಗ ನಾನು ದಂಡೆಯ ಮೇಲೆ ಅವರ ಅಂಗಿ ಚಡ್ಡಿ ಕಾಯುತ್ತಿದ್ದೆ. ಊರಲ್ಲಿ ಯಾರ ಚಡ್ಡಿಗೆ ಎಲ್ಲಿ ತೂತು ಎಂಬುದು ನನಗೆ ಗೊತ್ತಿದ್ದಷ್ಟು ಅವರ ತಾಯಂದಿರಿಗೂ ಗೊತ್ತಿರಲಿಲ್ಲ.

ಹೆಣ್ಣು ನೋಡಲು ಕುರುಗೋಡಿಗೆ ಹೋದಾಗ ಅಪ್ಪ ಮುಚ್ಚುಮರೆ ಮಾಡಲಿಲ್ಲ. "ಹುಡುಗನ ಎದಿ ಸ್ವಲ್ಪ ನಾಜೂಕ ಐತ್ರಿ" ಎಂದುಬಿಟ್ಟರು. ನಮ್ಮ ಮಾವನವರು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ, "ನಮ್ಮ ಹುಡುಗಿದು ಗಟ್ಟಿ ಐತ್ರಿ. ಎರಡೂ ಕೂಡಿದ್ರ ಹದಕ್ಕ ಬರ್ತೈತಿ" ಎಂದರು. ಮದುವೆಯಲ್ಲಿ ನನ್ನ ಬಲಗೈ ಬೆರಳಿಗೆ ದಪ್ಪನೆಯ ಬಂಗಾರದ ಉಂಗುರ ಹಾಕಿದರು. ಆಗ ನಾನು ಕಡ್ಡಿಯಂತಿದ್ದೆ. ಆಮೇಲೆ ನನ್ನನ್ನು ಶಾಂತಾ ನೋಡಿಕೊಂಡ ರೀತಿಗೆ ಬೆರಳೂ ದಪ್ಪವಾಗಿ, ಉಂಗುರ ಅಲ್ಲೇ ಖಾಯಂ ಆಯಿತು.

ನೋಡಿಕೊಂಡ ರೀತಿ ಎಂದರೆ ಏನು ಹೇಳಲಿ? ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಬಾಡಿಗೆ ಮನೆ. ಬೀದಿ ನಳದಿಂದ ನೀರು ತರುವವಳು ಅವಳು. ಸಿರುಗುಪ್ಪದಿಂದ ಅಕ್ಕಿ ಚೀಲ ಬಂದರೆ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಂಡು ತಲೆಯ ಮೇಲೆ ಹೊರುವವಳು ಅವಳು. ಹಿಂದೆ ಛತ್ರಿ ಹಿಡಿದು ನಡೆಯುವವನು ನಾನು. ಜನ ತಿರುಗಿ ನೋಡುತ್ತಿದ್ದರು. ಅವಳು ನಡೆಯುತ್ತಲೇ, "ಅವರ ಎದಿ ವೀಕ್ ಐತ್ರಿ" ಎಂದು ಹೇಳಿಕೊಂಡು ಹೋಗುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಅಲ್ಲಿಯೂ ನನಗೆ ಆಟೋಟದ ದಿನ ರಜೆ, ಚುನಾವಣೆ ಕೆಲಸದಿಂದ ಮಾಫಿ. ಡಾಕ್ಟರುಗಳಿಗೆ ತೋರಿಸಲಿಲ್ಲವೇ ಎಂದು ನೀವು ಕೇಳಬಹುದು. ತೋರಿಸಿದ್ದೆವು. ಆದರೆ ಡಾಕ್ಟರು ಕೊಳವೆ ಎತ್ತುವ ಮೊದಲೇ ಶಾಂತಾ, "ಎದಿ ವೀಕ್ರಿ, ಮೊದಲಿಂದೂ ಹಂಗ" ಎನ್ನುವಳು. ಡಾಕ್ಟರು ಎಡಕ್ಕೆ ಕೊಳವೆ ಇಟ್ಟು, "ಹೌದಮ್ಮಾ, ಸಪ್ಪಳ ಭಾಳ ಸಣ್ಣದೈತಿ" ಎಂದು ಒಂದು ಟಾನಿಕ್ ಬರೆದುಕೊಡುವರು. ಇನ್ನು ಬಲಗಡೆ ಆಗಾಗ ಏನೋ ಢಬಢಬ ಎನ್ನುತ್ತಿದ್ದುದು ನನಗೇ ಗೊತ್ತಿತ್ತು. ಅದು ವಾಯು ಎಂದುಕೊಂಡು ಓಮದ ಕಾಳು ತಿಂದು ನೀರು ಕುಡಿಯುತ್ತಿದ್ದೆ.

ಈಗ ನನ್ನ ನಾದಿನಿಯ ವಿಷಯ. ಶಾಂತಾಳ ತಂಗಿ ಗಿರಿಜಾ. ಕುರುಗೋಡಿನ ಶಾಲೆಯಲ್ಲಿ ಓದಿ, ಬಳ್ಳಾರಿಗೆ ಬಂದು, ಅಲ್ಲಿಂದ ಬೆಂಗಳೂರಿಗೆ ಹೋಗಿ, ಆಮೇಲೆ ಬೊಂಬಾಯಿಗೂ ಹೋಗಿ, ಎಕ್ಸ್‌ರೇ ಕಿರಣಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟು ತಂದವಳು. ಔಷಧ ಕೊಡುವ ಡಾಕ್ಟರಲ್ಲ, ವಿಜ್ಞಾನದ ಡಾಕ್ಟರು. ಈ ವ್ಯತ್ಯಾಸ ನಮ್ಮ ಅತ್ತೆಗೆ ಕೊನೆಯವರೆಗೂ ತಿಳಿಯಲಿಲ್ಲ. "ಮಗಳು ಡಾಕ್ಟರ್ ಅದಾಳ, ಮೊಳಕಾಲು ನೋವಿಗೆ ಗುಳಿಗಿ ಮಾತ್ರ ಕೊಡಂಗಿಲ್ಲ, ಏನು ಜಿಪುಣಿ ಇರಬಾರ್ದು" ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಗಿರಿಜಾ ಊರಿಗೆ ಮರಳಿ ನಮ್ಮ ಪಟ್ಟಣದ ಒಂದು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಸೇರಿದಳು. ನಮ್ಮ ಮನೆಗೆ ಎರಡು ಓಣಿ ಆಚೆ ಒಬ್ಬಳೇ ಇದ್ದಳು. ಮದುವೆಯ ಮಾತೆತ್ತಿದರೆ, "ಮೊದಲು ನನ್ನ ಯಂತ್ರ ಬರ್ಲಿ" ಎನ್ನುತ್ತಿದ್ದಳು. ಯಂತ್ರನೂ ಬರಲಿಲ್ಲ, ವರನೂ ಬರಲಿಲ್ಲ ಎಂದು ಅತ್ತೆ ಗೋಳಾಡುತ್ತಿದ್ದರು.

ಆ ಯಂತ್ರದ ಕಥೆಯೇ ಬೇರೆ. ಬಣ್ಣದ ಟೀವಿ ಆಗಷ್ಟೇ ಬಂದಿದ್ದ ಕಾಲ. ವಿದೇಶಗಳಲ್ಲಿ ಇಡೀ ಮನುಷ್ಯನನ್ನು ತಲೆಯಿಂದ ಪಾದದವರೆಗೆ ಒಳಗೆಲ್ಲ ನೋಡುವ ದೊಡ್ಡ ಯಂತ್ರಗಳು ಬಂದಿವೆ ಎಂದು ಅವಳು ಕಣ್ಣರಳಿಸಿ ಹೇಳುತ್ತಿದ್ದಳು. ನಮ್ಮಲ್ಲಿ ಅಂಥದ್ದು ಬರುವತನಕ ಕಾಯಲಾರದೆ ತಾನೇ ಒಂದು ಉಪಾಯ ಹುಡುಕಿದ್ದಳು. ಮನುಷ್ಯನನ್ನು ಉದ್ದನೆಯ ಹಲಗೆಯ ಮೇಲೆ ಮಲಗಿಸಿ, ಹಲಗೆ ಮೆಲ್ಲಗೆ ಸರಿಯುತ್ತ ಹೋದಂತೆ ಮೇಲಿನಿಂದ ಸಣ್ಣ ಸೀಳಿನ ಮೂಲಕ ಕಿರಣ ಬಿಟ್ಟು, ಅಡಿಯಲ್ಲಿ ಚಾಪೆಯಷ್ಟು ಉದ್ದದ ಒಂದೇ ಫಿಲ್ಮಿನ ಮೇಲೆ ಇಡೀ ಮೈಯ ಚಿತ್ರ ಹಿಡಿಯುವುದು. "ತುಂಡು ತುಂಡು ತಗದು ಜೋಡಿಸಬಾರದೇನು?" ಎಂದು ನಾನೊಮ್ಮೆ ಕೇಳಿದ್ದೆ. ಅವಳು ತಲೆ ಅಲ್ಲಾಡಿಸಿದಳು.

"ಮಾಮಾ, ಸಿರಿಗೇರಿಯಿಂದ ಒಬ್ಬಾಂವ ಬಂದಿದ್ದ. ಬಣವಿ ಮ್ಯಾಲಿಂದ ಬಿದ್ದಿದ್ದ. ಕಾಲು ನೋವು ಅಂದ. ಕಾಲಿನ ಎಕ್ಸ್‌ರೇ ತಗದ್ರು, ಕಟ್ಟು ಹಾಕಿ ಕಳಿಸಿದ್ರು. ಮುರಿದಿದ್ದು ಬೆನ್ನೆಲುಬು. ಅದನ್ನ ಯಾರೂ ನೋಡ್ಲಿಲ್ಲ. ಈಗ ಹಾಸಗಿ ಹಿಡದಾನ. ಮನಶಾ ಬೆರಳು ತೋರಿಸಿದ ಕಡೆ ಅಷ್ಟ ನಾವು ನೋಡ್ತೀವಿ. ಪೂರಾ ಮನಶಾನ್ನ ನೋಡಬೇಕು ನಾವು."

ಇದನ್ನು ಹೇಳುವಾಗ ಅವಳ ದನಿ ಸಣ್ಣದಾಯಿತು. ನಾನು ಆಮೇಲೆ ಅವಳ ಯಂತ್ರದ ಬಗ್ಗೆ ತಮಾಷೆ ಮಾಡುವುದನ್ನು ಬಿಟ್ಟೆ. ಕಡಿಮೆ ಮಾಡಿದೆ ಎನ್ನೋಣ.

ಇದಕ್ಕೆಲ್ಲ ಹಣ ಬೇಕಲ್ಲ. ದಿಲ್ಲಿಯ ಒಂದು ಸಂಸ್ಥೆ ಸಂಶೋಧನೆಗೆ ಅನುದಾನ ಕೊಡುತ್ತದೆಂದು ತಿಳಿದು ಗಿರಿಜಾ ಅರ್ಜಿ ಹಾಕಿದಳು. ಇಡೀ ಮೈ ಚಿತ್ರದ ಸಂಶೋಧನೆಗೆ ಒಂದಿಷ್ಟು, ಸಿರುಗುಪ್ಪ ಕುರುಗೋಡುಗಳಂಥ ಸಣ್ಣ ಊರುಗಳ ಎಕ್ಸ್‌ರೇ ಕೆಲಸದವರಿಗೆ ತರಬೇತಿ ಕೊಡಲು ಒಂದಿಷ್ಟು. ಸುದ್ದಿ ಕುರುಗೋಡಿಗೆ ಮುಟ್ಟಿದಾಗ, "ಗಿರಿಜಾಗ ಸರ್ಕಾರದವರು ರೊಕ್ಕ ಕೊಟ್ಟು ಮಂದಿ ಮೈ ಫೋಟೋ ತಗಿ ಅಂದಾರಂತ" ಎಂದಾಗಿತ್ತು. ಅತ್ತೆ ಮೊದಲ ಬಸ್ಸಿಗೇ ಓಡಿ ಬಂದರು. "ಏನವ್ವಾ, ಮಾನ ಮರ್ಯಾದಿ ಐತೇನು? ಮೈ ಫೋಟೋ ಅಂದ್ರ ಅರಿವಿ ಇರ್ತಾವೋ ಇಲ್ಲೋ?" ಗಿರಿಜಾ ಸಮಾಧಾನದಿಂದ, "ಯವ್ವಾ, ನನ್ನ ಫೋಟೋದಾಗ ಅರಿವಿ ಅಷ್ಟ ಅಲ್ಲ, ಚರ್ಮನೂ ಇರಂಗಿಲ್ಲ" ಎಂದಳು. ಅತ್ತೆ ನೆಲಕ್ಕೆ ಕುಸಿದರು. ಅವರಿಗೆ ನೀರು ಕೊಟ್ಟು ಎಬ್ಬಿಸುವ ಹೊತ್ತಿಗೆ ಶಾಂತಾ ನನ್ನನ್ನು ಪಕ್ಕದ ಕೋಣೆಗೆ ದಬ್ಬಿ ಬಾಗಿಲು ಹಾಕಿದ್ದಳು. ನನಗೆ ಆಘಾತ ಆಗಬಾರದಲ್ಲ.

ಅನುದಾನ ಕೊಡುವ ಮೊದಲು ಸಂಸ್ಥೆಯ ಮೂವರು ಪರಿಣತರು ಬಳ್ಳಾರಿಗೆ ಬಂದು ಪ್ರಯೋಗವನ್ನು ಕಣ್ಣಾರೆ ನೋಡುತ್ತಾರೆ ಎಂದಾಯಿತು. ಅವರ ಮುಂದೆ ಒಬ್ಬ ಸಾಧಾರಣ ಮನುಷ್ಯನ ಚಿತ್ರ ತೆಗೆದು ತೋರಿಸಬೇಕು. ರೋಗಿ ಬೇಡ, ನೆಟ್ಟಗಿರುವವನು ಬೇಕು. ಒಪ್ಪಿದ್ದ ಆಸ್ಪತ್ರೆಯ ಗುಮಾಸ್ತ ಹಿಂದಿನ ದಿನ ಕೈಕೊಟ್ಟ. ಒಳಗೆಲ್ಲ ಕಾಣುತ್ತದೆ ಎಂದು ಯಾರೋ ಹೇಳಿದ್ದು ಕೇಳಿ, ಹೊಟ್ಟೆಯೊಳಗಿನ ಗುಟ್ಟೂ ಕಾಣುತ್ತದೆ ಎಂದು ಹೆದರಿ, ಹಲಕುಂದಿಯ ಮಠಕ್ಕೆ ಹೋದವನು ಅಲ್ಲೇ ಉಳಿದುಬಿಟ್ಟ. ಗಿರಿಜಾ ನಮ್ಮ ಮನೆಗೆ ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಮಾಮಾ, ನಿಮ್ಮ ಎತ್ತರ ನಡೂಕಿಂದು, ತೂಕ ನಡೂಕಿಂದು, ವಯಸ್ಸೂ ನಡೂಕಿಂದು. ನೀವ ಬರ್ರಿ."

"ನಾಳೆ ಎದಿ ನಿಂತ್ರ?" ಎಂದು ಶಾಂತಾ ಅಡ್ಡ ಬಂದಳು.

"ಅಕ್ಕಾ, ಬರೇ ಮಲಗೂದು. ಮಾಮಾಗ ಅದು ರೂಢಿ ಐತಿ."

ಎದೆ ವೀಕ್ ಇದ್ದರೂ ಚಿತ್ರದಲ್ಲಿ ಆಕಾರ ಮಾತ್ರ ಕಾಣುತ್ತದೆ, ಆಕಾರ ಸರಿಯಿದ್ದರೆ ಸಾಕು ಎಂದು ಗಿರಿಜಾ ಒಪ್ಪಿಸಿದಳು. ನಾನಂತೂ ಒಳಗೊಳಗೇ ಹಿಗ್ಗಿದೆ. ಚಿಕ್ಕಂದಿನಿಂದ ವೀಕು ವೀಕು ಎನ್ನಿಸಿಕೊಂಡವನನ್ನು ಒಬ್ಬ ವಿಜ್ಞಾನಿ ನೆಟ್ಟಗಿರುವ ಮನುಷ್ಯ ಎಂದು ಆರಿಸಿದ್ದಳು! ಶಾಲೆಗೆ ಹೋಗಿ ಹೆಡ್‌ಮಾಸ್ತರಿಗೆ, "ಮನುಷ್ಯ ಅಂದ್ರ ಹೆಂಗಿರಬೇಕು ಅನ್ನೂದಕ್ಕ ನನ್ನ ಚಿತ್ರ ತಗೀತಾರ್ರಿ" ಎಂದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿ, "ನಿಮ್ಮನ್ನಾ?" ಎಂದರು. ಅದು ಹೊಟ್ಟೆಕಿಚ್ಚು ಎಂದುಕೊಂಡೆ.

ಒಂದೇ ತೊಡಕು ಉಂಗುರ. ಮೈಮೇಲೆ ಲೋಹ ಇರಬಾರದು ಎಂದು ಗಿರಿಜಾ ಹೇಳಿದಳು. ಸಾಬೂನು ಹಚ್ಚಿ ಎಳೆದೆವು; ಕುಸುಬಿ ಎಣ್ಣೆ ಹಚ್ಚಿ ಎಳೆದೆವು; ಬೆರಳಿಗೆ ದಾರ ಸುತ್ತಿ ಎಳೆದೆವು. ಬೆರಳು ಬದನೆಕಾಯಿಯ ಬಣ್ಣಕ್ಕೆ ಬಂತು, ಉಂಗುರ ಬರಲಿಲ್ಲ. ಅಕ್ಕಸಾಲಿಗನ ಬಳಿ ಕತ್ತರಿಸೋಣ ಎಂದಳು ಗಿರಿಜಾ. "ನಮ್ಮಪ್ಪ ಹಾಕಿದ ಉಂಗುರಕ್ಕ ಕತ್ತರಿ ಹಾಕ್ತಿಯೇನ?" ಎಂದು ಶಾಂತಾ ಕೆರಳಿದಳು. ಹೋಗಲಿ, ಬೆರಳಿನಲ್ಲಿ ಒಂದು ಬಿಳಿ ಬಳೆ ಕಂಡರೆ ಕಾಣಲಿ ಎಂದು ಗಿರಿಜಾ ಬೇಸರದಿಂದಲೇ ಬಿಟ್ಟಳು.

ಆ ದಿನ ಬೆಳಿಗ್ಗೆ ಜಟಕಾದಲ್ಲಿ ಆಸ್ಪತ್ರೆಗೆ ಹೋದೆವು. ಶಾಂತಾ ಒಂದು ಕೈಯಲ್ಲಿ ಕಾಫಿಯ ಥರ್ಮಾಸು, ಇನ್ನೊಂದು ಕೈಯಲ್ಲಿ ಗ್ಲೂಕೋಸ್ ಡಬ್ಬಿ ಹಿಡಿದು ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಳು. ಒಳಗೆ ಮೂವರು ಪರಿಣತರು. ಅವರಲ್ಲಿ ಹಿರಿಯರಾದವರು ದಿಲ್ಲಿಯ ದೊಡ್ಡ ಡಾಕ್ಟರು. ಎತ್ತರದ ಆಳು, ಬಿಳಿ ಮೀಸೆ, ಇಂಗ್ಲಿಷ್ ಮಾತು. ಅವರು ನನ್ನ ಕೈಕುಲುಕಿ, "ಇವರೇ ಏನು ನಮ್ಮ ಸಾಧಾರಣ ಮನುಷ್ಯರು?" ಎಂದು ನಕ್ಕರು. ನಾನು ತಲೆಬಾಗಿಸಿದೆ. ಗಿರಿಜಾ ನನ್ನನ್ನು ಹಲಗೆಯ ಮೇಲೆ ಅಂಗಾತ ಮಲಗಿಸಿ, ಕೈಗಳನ್ನು ಮೈಯ ಎರಡೂ ಪಕ್ಕಕ್ಕೆ ಇಡಿಸಿದಳು. ಎಡ ಭುಜದ ಹತ್ತಿರ ಸೀಸದಿಂದ ಮಾಡಿದ ‘ಎಲ್’ ಅಕ್ಷರವನ್ನು ತಾನೇ ಇಟ್ಟಳು. ಚಿತ್ರದಲ್ಲಿ ಎಡ ಯಾವುದು ಬಲ ಯಾವುದು ಎಂದು ತಿಳಿಯಲು ಆ ಗುರುತು. ಎಲ್ಲರೂ ಸೀಸದ ತಡಿಕೆಯ ಹಿಂದೆ ಹೋದರು. ಹಲಗೆ ಕಿರ್ರೆಂದು ಸರಿಯಿತು. ನಾನು ಉಸಿರು ಬಿಗಿಹಿಡಿದು ಶಿವಶಿವಾ ಎನ್ನುವಷ್ಟರಲ್ಲಿ ಮುಗಿಯಿತು.

ಫಿಲ್ಮನ್ನು ಕತ್ತಲೆಕೋಣೆಯಲ್ಲಿ ತೊಳೆದು, ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗಲೇ ತಂದು ದೀಪದ ಹಲಗೆಯ ಮೇಲೆ ತೂಗುಹಾಕಿದರು. ನಾನೂ ಅಂಗಿ ತೊಟ್ಟುಕೊಂಡು ಬಂದು ನೋಡಿದೆ. ನನ್ನಷ್ಟೇ ಎತ್ತರದ ಒಂದು ಅಸ್ಥಿಪಂಜರ ಕೈ ಇಳಿಬಿಟ್ಟು ನಿಂತಿತ್ತು. ಮೊದಲ ಆಘಾತ ಅದೇ. ಇಷ್ಟು ತಿಂದು ಬೆಳೆಸಿದ ಮೈಯೆಲ್ಲ ಹೊಗೆಯಂತೆ ತೆಳ್ಳಗೆ ಕಾಣುತ್ತಿತ್ತು, ತಲೆಬುರುಡೆ ನಗುತ್ತಿತ್ತು. ಚಿತ್ರ ಮಾತ್ರ ನಿಚ್ಚಳವಾಗಿತ್ತು. ಇಬ್ಬರು ಪರಿಣತರು "ಭೇಷ್" ಎಂದರು. ಗಿರಿಜಾಳ ಮುಖ ಅರಳಿತು. ಆಗ ಹಿರಿಯರು ಮುಂದೆ ಬಗ್ಗಿ ನೋಡಿ, "ಫಿಲ್ಮನ್ನು ತಿರುವುಮುರುವು ತೂಗುಹಾಕಿದ್ದೀರಿ. ಹೃದಯ ಬಲಕ್ಕಿದೆ" ಎಂದರು.

ಗಿರಿಜಾ ಗಾಬರಿಯಿಂದ ನೋಡಿದಳು. "ಇಲ್ಲ ಸರ್, ಎಲ್ ಅಕ್ಷರ ಸರಿಯಾಗಿ ಓದಲು ಬರುತ್ತಿದೆ. ಫಿಲ್ಮು ಸರಿಯಾಗಿಯೇ ಇದೆ."

"ಹಾಗಾದರೆ ಅಕ್ಷರವನ್ನು ಬಲಭುಜಕ್ಕೆ ಇಟ್ಟಿದ್ದೀರಿ."

"ನನ್ನ ಕೈಯಾರೆ ಎಡಕ್ಕೇ ಇಟ್ಟೆ ಸರ್."

ಹಿರಿಯರು ಪೆನ್ನಿನ ಮುಚ್ಚಳ ಹಾಕಿದರು. ಆ ಟಕ್ ಎಂಬ ಸಪ್ಪಳ ನನಗೆ ಇವತ್ತಿಗೂ ಕೇಳಿಸುತ್ತದೆ. "ಹೊಟ್ಟೆಯ ಗಾಳಿಗುಳ್ಳೆ ಕೂಡ ಬಲಕ್ಕಿದೆ, ಯಕೃತ್ತು ಎಡಕ್ಕಿದೆ. ಎಲ್ಲವೂ ತಿರುಗಿದೆ ಎಂದರೆ ತಿರುಗಿದ್ದು ಮನುಷ್ಯನೋ, ಗುರುತೋ? ಡಾಕ್ಟರ್ ಗಿರಿಜಾ, ನೀವು ಹತ್ತೂರಿನ ಎಕ್ಸ್‌ರೇ ಕೆಲಸದವರಿಗೆ ತರಬೇತಿ ಕೊಡಲು ಹಣ ಕೇಳಿದ್ದೀರಿ. ಎಡಬಲವೇ ತಪ್ಪಿದರೆ ಸರ್ಜನ್ ಎಡಗಾಲಿನ ಬದಲು ಬಲಗಾಲು ಕೊಯ್ಯುತ್ತಾನೆ. ಕ್ಷಮಿಸಿ."

ಅವರು ಒರಟಾಗಿ ಹೇಳಲಿಲ್ಲ. ಬೇಸರದಿಂದ ಹೇಳಿದರು, ಅದು ಇನ್ನೂ ಕೆಟ್ಟದಾಗಿತ್ತು. ಇಷ್ಟು ವರ್ಷ ಮದುವೆ ಬಿಟ್ಟು, ಹಬ್ಬ ಬಿಟ್ಟು, ಬಡಗಿಯ ಜೊತೆ ಕುಳಿತು ಆ ಹಲಗೆ ಮಾಡಿಸಿದ ಗಿರಿಜಾ ಈಗ ತನ್ನ ಎಡಗೈ ಬಲಗೈಗಳನ್ನೇ ಒಂದಾದ ಮೇಲೊಂದು ನೋಡಿಕೊಳ್ಳುತ್ತ ನಿಂತಿದ್ದಳು. ತಾನೇ ತಪ್ಪಿದೆನೋ ಎಂದು ಅವಳಿಗೇ ಅನುಮಾನ ಬಂದಂತಿತ್ತು. ಮೂವರೂ ಕಾಗದ ಮಡಚಿ ಚೀಲಕ್ಕೆ ಹಾಕಿ ಬಾಗಿಲ ಕಡೆ ನಡೆದರು.

"ಸರ್!" ಎಂದು ಗಿರಿಜಾ ಕೂಗಿದಳು. ಅವಳು ಫಿಲ್ಮಿಗೆ ಮೂಗು ತಾಗಿಸಿ ನಿಂತಿದ್ದಳು, ಹೃದಯದ ಹತ್ತಿರ ಅಲ್ಲ, ಕೆಳಗೆ, ಕೈಬೆರಳಿನ ಹತ್ತಿರ. "ಉಂಗುರ ನೋಡಿ ಸರ್. ಎಲ್ ಅಕ್ಷರ ಒಂದು ಕಡೆ ಇದೆ. ಉಂಗುರ ಇನ್ನೊಂದು ಕಡೆ ಇದೆ. ಹೃದಯ ಉಂಗುರದ ಕಡೆ ಇದೆ. ಒಂದೇ ಫಿಲ್ಮು ಸರ್, ಹೇಗೆ ತಿರುಗಿಸಿದರೂ ಹೃದಯ ಉಂಗುರದ ಕಡೆಯೇ ಇರುತ್ತದೆ. ಮಾಮಾ, ಕೈ ಎತ್ತರಿ!"

ನನಗೆ ಯಾವ ಕೈ ಎತ್ತಬೇಕೆಂದು ತಿಳಿಯದೆ ಎರಡೂ ಎತ್ತಿದೆ, ಪೋಲೀಸರಿಗೆ ಶರಣಾದ ಕಳ್ಳನಂತೆ. ಉಂಗುರ ಬಲಗೈಯಲ್ಲಿ ಹೊಳೆಯಿತು. ಸಾಬೂನಿಗೂ ಎಣ್ಣೆಗೂ ದಾರಕ್ಕೂ ಬಗ್ಗದ ಉಂಗುರ.

ಹಿರಿಯರು ಚೀಲವನ್ನು ನೆಲಕ್ಕೆ ಬಿಟ್ಟು ನನ್ನ ಮೇಲೆ ಹೆಚ್ಚುಕಡಿಮೆ ಎರಗಿದರು. ಉಂಗುರ ಹಿಡಿದು ತಿರುಗಿಸಿ ನೋಡಿದರು, ಎಳೆದು ನೋಡಿದರು; ಬರಲಿಲ್ಲ. ನನ್ನ ಅಂಗಿ ಎತ್ತಿ ಕೊಳವೆಯನ್ನು ಬಲಗಡೆಗೆ ಒತ್ತಿದರು. ಅವರ ಬಿಳಿ ಮೀಸೆ ನಡುಗಿತು. ಇನ್ನೊಬ್ಬರಿಗೆ ಕೊಳವೆ ಕೊಟ್ಟರು, ಅವರು ಮೂರನೆಯವರಿಗೆ ಕೊಟ್ಟರು, ಮೂರನೆಯವರು ಗಿರಿಜಾಗೆ ಕೊಟ್ಟರು. ಅವಳು ಕೇಳಿ, ಬಾಯಿಗೆ ಕೈ ಅಡ್ಡ ಹಿಡಿದು, ನಕ್ಕಳೋ ಅತ್ತಳೋ ತಿಳಿಯಲಿಲ್ಲ.

"ಮಾಮಾ, ನಿಮ್ಮ ಎದಿ ಬಲಕ್ಕೈತಿ! ಒಳಗ ಎಲ್ಲಾ ತಿರುಗೈತಿ! ಕನ್ನಡಿಯೊಳಗ ಕಂಡಂಗ! ಎಲ್ಲೋ ಅಪರೂಪಕ್ಕ ಒಬ್ಬರು ಹಿಂಗ ಹುಟ್ಟತಾರ!"

ನನಗೆ ಹೇಗಾಗಿರಬೇಡ! ಇಷ್ಟು ವರ್ಷ ಉಂಡ ಅನ್ನ ನಾನು ಅಂದುಕೊಂಡ ಕಡೆಗೆ ಹೋಗಿರಲೇ ಇಲ್ಲ. ಧ್ವಜವಂದನೆಯಲ್ಲಿ ಎದೆಯ ಮೇಲೆ ಕೈ ಇಟ್ಟು ಪ್ರತಿಜ್ಞೆ ಮಾಡಿದ್ದು ಯಾವುದರ ಮೇಲೆ? ಓಮದ ಕಾಳು ತಿನ್ನಿಸಿ ನಾನು ಅಡಗಿಸಲು ನೋಡಿದ್ದು ಯಾರನ್ನು? ಆ ಹಲಗೆಯ ಮೇಲೇ ಕುಳಿತೆ. ಒಳಗಿನ ಗದ್ದಲ ಕೇಳಿ ಶಾಂತಾ ಗ್ಲೂಕೋಸ್ ಡಬ್ಬಿ ಸಮೇತ ನುಗ್ಗಿದಳು. "ಏನಾತು? ಏನಾತವ್ವಾ? ನಿಧಾನಕ್ಕ ಹೇಳ!" ಎಂದಳು. ಅಭ್ಯಾಸಬಲ, ಈ ಸಲ ಕಂತು ಕೇಳಿದವಳು ಅವಳು.

ಹಿರಿಯರು ಅವಳಿಗೆ ಕೈಮುಗಿದು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಗಿರಿಜಾ ಅನುವಾದಿಸಿದಳು: "ಅಕ್ಕಾ, ಮಾಮಾನ ಎದಿ ಬಲಕ್ಕೈತಂತ. ಇಷ್ಟು ದಿನ ಎಡಕ್ಕ ಕೇಳಿ ವೀಕ್ ಅಂದಾರ. ಎದಿ ಗಟ್ಟಿ ಐತಂತ."

ಶಾಂತಾ ನನ್ನನ್ನು ನೋಡಿದಳು. ಆಮೇಲೆ ಹಿರಿಯರನ್ನು ನೋಡಿ, "ಗಟ್ಟಿ ಅಂದ್ರ ಎಷ್ಟು ಗಟ್ಟಿರಿ?" ಎಂದಳು.

"ಕುದುರಿ ಎದಿ ಇದ್ದಂಗ ಐತಂತ ಅಕ್ಕಾ" ಎಂದು ಗಿರಿಜಾ ಅವರ ಉತ್ತರ ಹೇಳಿದಳು.

"ಕೊಡಾ ಹೊರಬಹುದೇನಂತ ಕೇಳ."

ಗಿರಿಜಾ ಕೇಳಿದಳು. ಹಿರಿಯರು ನಕ್ಕು ಎರಡು ಬೆರಳು ಎತ್ತಿ ತೋರಿಸಿದರು. ಒಂದಲ್ಲ, ಎರಡು ಕೊಡ.

ಜಟಕಾದಲ್ಲಿ ಶಾಂತಾ ಗ್ಲೂಕೋಸ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಕುಳಿತಳು. ಬೈಗುಳಕ್ಕೆ ನಾನು ತಯಾರಾಗಿ ಕುಳಿತಿದ್ದೆ, ಅದು ಬರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿದ್ದೇ ತಡ, ನನ್ನ ಬಲ ಎದೆಯ ಮೇಲೆ ಅಂಗೈ ಇಟ್ಟಳು. ಆಮೇಲೆ ಕಿವಿ ಇಟ್ಟಳು. ಬಹಳ ಹೊತ್ತು ಕೇಳಿದಳು. ತಲೆ ಎತ್ತಿದಾಗ ಅವಳ ಕಣ್ಣು ತುಂಬಿತ್ತು.

"ದಿನಾ ಬೆಳಿಗ್ಗೆ ನೀವು ಏಳೂಕ್ಕಿಂತ ಮೊದಲ ನಾನು ಎಡಕ್ಕ ಕೈ ಇಟ್ಟು ನೋಡ್ತಿದ್ದೆ. ಏನೂ ತಿಳೀತಿದ್ದಿಲ್ಲ. ಆಮ್ಯಾಲೆ ಮೂಗಿನ ಹತ್ರ ಬೆರಳು ಹಿಡಿದು ನೋಡ್ತಿದ್ದೆ. ಉಸಿರು ತಾಗಿದ್ರ ಎದ್ದು ಒಲಿ ಹಚ್ಚತಿದ್ದೆ" ಎಂದಳು. "ಇದು ಇಲ್ಲೇ ಇತ್ತೇನ್ರಿ, ಇಷ್ಟು ದಿನ?"

ನನಗೆ ಗೊತ್ತೇ ಇರಲಿಲ್ಲ. ನಾನು ಹಾಯಾಗಿ ನಿದ್ದೆ ಮಾಡುವಾಗ ನನ್ನ ಮೂಗಿನ ಕೆಳಗೆ ಪ್ರತಿದಿನ ಒಂದು ಬೆರಳು ಕಾದು ನಿಂತಿತ್ತು ಎನ್ನುವುದು ನನ್ನ ಹೃದಯ ಜಾಗ ಬದಲಿಸಿದ್ದಕ್ಕಿಂತ ದೊಡ್ಡ ಆಘಾತ. "ಕಾಫಿ ಮಾಡಲೇನು?" ಎಂದೆ. ಮದುವೆಯಾದಾಗಿನಿಂದ ನಾನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವಳು ಅಳು ನಿಲ್ಲಿಸಿ, "ಸಕ್ಕರಿ ಡಬ್ಬಿ ಎಲ್ಲೈತಿ ಗೊತ್ತೇನು?" ಎಂದಳು. ಗೊತ್ತಿರಲಿಲ್ಲ.

ಮರುದಿನ ನಳ ಬಂದಾಗ ಓಣಿಯ ಹೆಂಗಸರೆಲ್ಲ ಸಾಲು ಬಿಟ್ಟು ನನ್ನನ್ನು ನೋಡಲು ನಿಂತರು. ಎರಡು ಕೊಡ ಹೊರಬಲ್ಲ ಎಂದು ದಿಲ್ಲಿಯ ಡಾಕ್ಟರು ಹೇಳಿದ್ದರೂ ನಾನು ಒಂದನ್ನೇ ಎತ್ತಿದೆ. ಅರ್ಧ ನೀರು ನನ್ನ ಪಂಚೆಗೆ, ಕಾಲು ಭಾಗ ಓಣಿಗೆ, ಉಳಿದದ್ದು ಮನೆಗೆ ಬಂತು. ಎದೆ ಒಂದಿಷ್ಟೂ ತಕರಾರು ಮಾಡಲಿಲ್ಲ. ತಕರಾರು ಮಾಡಿದ್ದು ಸೊಂಟ. ಸಿರುಗುಪ್ಪದಿಂದ ಅವ್ವ ಬಂದು ನನ್ನ ಎದೆ ಮುಟ್ಟಿ ನೋಡಿ, "ನಿನ್ನ ಹೆರುವಾಗ ಸೂಲಗಿತ್ತಿ ಭಾಳ ಅವಸರ ಮಾಡಿದ್ಲು" ಎಂದು ಆ ಮುದುಕಿಯ ಮೇಲೆ ತಪ್ಪು ಹೊರಿಸಿದಳು. ಶಾಲೆಯಲ್ಲಿ ಹೆಡ್‌ಮಾಸ್ತರು, "ನಾನು ಅವತ್ತ ಅನ್ಕೊಂಡೆ" ಎಂದು ಮಾತ್ರ ಹೇಳಿ, ಬರುವ ಚುನಾವಣೆಗೆ ನನ್ನ ಹೆಸರು ಕಳಿಸಿದರು.

ಕೆಲವು ತಿಂಗಳಿಗೆ ಗಿರಿಜಾಗೆ ಅನುದಾನ ಮಂಜೂರಾಯಿತು. ಕೇಳಿದಷ್ಟು ಸಿಗಲಿಲ್ಲ, ಆನೆ ಕೇಳಿದವಳಿಗೆ ಅಂಕುಶ ಸಿಕ್ಕಿತು ಎನ್ನಬೇಕು. ವಿದೇಶದ ದೊಡ್ಡ ಯಂತ್ರದ ಮಾತೇ ಇಲ್ಲ. ಆದರೆ ಹಲಗೆಯನ್ನು ಸರಿಯಾಗಿ ಕಬ್ಬಿಣದಲ್ಲಿ ಮಾಡಿಸಲು, ಎರಡು ಕೋಣೆ ಸಜ್ಜುಮಾಡಲು, ವರ್ಷಕ್ಕೆ ಕೆಲವರಿಗೆ ತರಬೇತಿ ಕೊಡಲು ಸಾಲುತ್ತಿತ್ತು. ಹಿರಿಯರು ಕಳಿಸಿದ ಒಪ್ಪಿಗೆಯಲ್ಲಿ, ತುಂಡು ಚಿತ್ರ ತೆಗೆದಿದ್ದರೆ ಈ ಮನುಷ್ಯನ ಗುಟ್ಟು ಎಂದಿಗೂ ತಿಳಿಯುತ್ತಿರಲಿಲ್ಲ, ಇಡೀ ಮೈಯ ಚಿತ್ರ ಯಾಕೆ ಬೇಕು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ ಎಂದಿತ್ತು. ಗಿರಿಜಾ ಅದನ್ನು ಓದಿ ಹೇಳುವಾಗ, "ಸಿರಿಗೇರಿಯಾಂವನ ಹಂಗ ಇನ್ನೊಬ್ಬಾಂವ ಆಗಬಾರದು ಮಾಮಾ, ಅಷ್ಟ ಸಾಕು" ಎಂದಳು. ಅತ್ತೆ ಮಾತ್ರ, "ಯಂತ್ರ ಬಂತಲ್ಲ, ಇನ್ನ ಗಂಡು ನೋಡೂನೇನು?" ಎಂದು ಕೇಳಿ, ಮಗಳ ನೋಟಕ್ಕೆ ಹೆದರಿ ಕುರುಗೋಡಿನ ಬಸ್ಸು ಹತ್ತಿದರು.

ಮೊದಲ ತರಬೇತಿಗೆ ಸಿರುಗುಪ್ಪದಿಂದ ಇಬ್ಬರು, ಕುರುಗೋಡಿನಿಂದ ಒಬ್ಬಳು, ಇನ್ನೂ ಕೆಲವರು ಬಂದರು. ಮೊದಲ ಪಾಠ ನಾನೇ. ಏನೂ ಹೇಳದೆ ನನ್ನ ಫಿಲ್ಮು ತೂಗುಹಾಕಿ, ಏನು ತಪ್ಪಿದೆ ಎಂದು ಗಿರಿಜಾ ಕೇಳಿದಳು. ಎಲ್ಲರೂ ಒಟ್ಟಿಗೆ, "ಫಿಲ್ಮು ತಿರುವುಮುರುವು ಐತ್ರಿ ಮೇಡಂ" ಎಂದರು. ಗಿರಿಜಾ ನನ್ನ ಕಡೆ ಕೈ ತೋರಿಸಿದಳು. ನಾನು ಎದ್ದು ನಿಂತು ನಮಸ್ಕಾರ ಮಾಡಿದೆ. ಮಾಜಿ ಸಾಧಾರಣ ಮನುಷ್ಯನಿಗೆ ಅಷ್ಟಾದರೂ ಗೌರವ ಬೇಡವೇ?

ತರಬೇತಿ ಶುರುವಾದ ದಿನದ ನೆನಪಿಗೆ ಆಸ್ಪತ್ರೆಯ ಅಂಗಳದಲ್ಲಿ ಗುಂಪು ಫೋಟೋ ತೆಗೆಸಿದರು. ನಡುವೆ ಗಿರಿಜಾ, ಸುತ್ತ ತರಬೇತಿಯವರು, ಕೊನೆಯಲ್ಲಿ ನಾನು. ಶಾಂತಾಳನ್ನೂ ಕರೆದರು. ಅವಳು ಬಂದು ನನ್ನ ಬಲಕ್ಕೆ ನಿಂತಳು. ಫೋಟೋದವನು ಕಪ್ಪು ಬಟ್ಟೆಯಿಂದ ತಲೆ ಹೊರಹಾಕಿ, "ಅಮ್ಮಾ, ಹೆಂಡ್ತಿ ಎಡಕ್ಕ ನಿಲ್ಲಬೇಕ್ರಿ, ಶಾಸ್ತ್ರ" ಎಂದ.

"ಶಾಸ್ತ್ರ ನನಗೂ ಗೊತ್ತೈತಪ್ಪಾ. ಮದಿವಿಯೊಳಗ ಎಡಕ್ಕ ಕುಂದರಿಸಿದ್ರು, ಇಷ್ಟು ವರ್ಷ ಇವರ ಲಿವರ್ ಕಡೆ ಸಂಸಾರ ಮಾಡೀನಿ. ನೀ ಫೋಟೋ ತಗಿ."

ಎಲ್ಲರೂ ಹೋ ಎಂದು ನಕ್ಕರು. ಫೋಟೋದವನು ಮತ್ತೆ ಬಟ್ಟೆಯೊಳಗೆ ಹೊಕ್ಕ. ನನಗೆ ಹೆಮ್ಮೆ ಉಕ್ಕಿತು. ಎದೆ ಸೆಟೆಸಿ, ಮುಗುಳ್ನಗೆ ತಂದುಕೊಂಡು, ಶಾಂತಾಳ ಕಡೆ ಸ್ವಲ್ಪ ವಾಲಿ, "ಈಗರ ನಿನಗ ಧೈರ್ಯ ಬಂತಿಲ್ಲೋ?" ಎಂದು ಮೆಲ್ಲಗೆ ಕೇಳಿದೆ.

ಅವಳು ಕ್ಯಾಮೆರಾದ ಕಡೆಯೇ ನೋಡುತ್ತ, ತುಟಿ ಅಲ್ಲಾಡಿಸದೆ ಹೇಳಿದಳು: "ನೀವು ಸತ್ತರ ಹೆಂಗ ಬಾಳೂದು ಅಂತ ನಾನು ಎಲ್ಲಾ ವಿಚಾರ ಮಾಡಿ ಇಟ್ಟಿದ್ದೆ ನೋಡ್ರಿ. ಮಗಳ ಮದಿವಿ, ಮನಿ ಬಾಡಿಗಿ, ಯಾರಿಗೆ ಹೇಳಿ ಕಳಸೂದು, ಎಲ್ಲಾ. ಈಗ ನೀವು ಇನ್ನೂ ಭಾಳ ವರ್ಷ ಇರ್ತೀರಂತ. ಅದಕ್ಕ ನಾನು ಏನೂ ವಿಚಾರ ಮಾಡಿಲ್ಲ."

ಅಷ್ಟರಲ್ಲಿ ಕ್ಯಾಮೆರಾ ಕ್ಲಿಕ್ ಎಂದಿತು. ಆ ಫೋಟೋ ಈಗಲೂ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಅದರಲ್ಲಿ ಎಲ್ಲರೂ ನಗುತ್ತಿದ್ದಾರೆ, ಶಾಂತಾ ಎಲ್ಲರಿಗಿಂತ ಹೆಚ್ಚು. ಕೊನೆಯಲ್ಲಿ ಒಬ್ಬ ಮಾತ್ರ ಬಾಯಿ ತೆರೆದುಕೊಂಡು ನಿಂತಿದ್ದಾನೆ. ನೋಡಲು ಬಂದವರು, "ಪಾಪ, ಇವರಿಗೇನಾಗಿತ್ರಿ?" ಎಂದು ಕೇಳುತ್ತಾರೆ. ಆರೋಗ್ಯ ಚೆನ್ನಾಗಿತ್ತು ಎಂದು ನಾನೇ ಹೇಳುತ್ತೇನೆ.